ಹೈದರಾಬಾದೋ ಬಳ್ಳಾರಿಯೋ

ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ, ಊಟ ಮುಗಿಸಿ ಎಲೆ ಹಾಕಿಕೊಳ್ಳುತ್ತಿದ್ದ ಅಮರಗುಂಡಪ್ಪ ತನ್ನ ಹಿರಿಯ ಸೊಸೆ ಕಸ್ತೂರೆಮ್ಮನ ಮುಖಕ್ಕೆ ಸುಣ್ಣದ ಡಬ್ಬಿ ಎಸೆದ. ಸುಣ್ಣ ಅವಳ ಎಡಗಣ್ಣಿಗೆ ಬಿತ್ತು.

ಸುಣ್ಣ ನೀರಾಗಿದೆ ಎಂಬುದು ಅವನ ತಕರಾರು. ಅದೇ ಡಬ್ಬಿಯ ಸುಣ್ಣ ಒಣಗಿ ಕಲ್ಲಾಗಿದೆ ಎಂದು ಮುಂಜಾನೆ ಬೈದವನೂ ಅವನೇ. ಜೋಳ ಬೀಸುತ್ತಿದ್ದ ಕಸ್ತೂರೆಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಡಬ್ಬಿಗೆ ನೀರು ಬಿಟ್ಟಿದ್ದಳು. ಸ್ವಲ್ಪ ಹೆಚ್ಚಾಯಿತು. ಗಟ್ಟಿ ಸುಣ್ಣವಾಗಿದ್ದರೆ ಕೆನ್ನೆಗೆ ಮೆತ್ತಿಕೊಂಡು ನಿಲ್ಲುತ್ತಿತ್ತು. ತೆಳು ಸುಣ್ಣ ಸಿಡಿಯಿತು.

ಮಸ್ಕಿಯ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಜಮಾನ ಏಳುವ ತನಕ ಊಟದ ಸಾಲಿನಿಂದ ಯಾರೂ ಏಳುವಂತಿಲ್ಲ. ತಾಟಿನಲ್ಲಿ ಒಂದು ಅಗುಳೂ ಉಳಿಯುವಂತಿಲ್ಲ. ಉಂಡದ್ದು ಪ್ರಸಾದ, ತಾಟು ತೊಳೆದು ಆ ನೀರನ್ನೂ ಕುಡಿದು, ಅವನು ಎದ್ದ ಮೇಲೆ ಏಳಬೇಕು. ಅಂದು ಸಾಲಿನಲ್ಲಿ ಕಸ್ತೂರೆಮ್ಮನ ಗಂಡ ಬಸವಂತರಾಯ ಇದ್ದ, ಮೈದುನ ಚನ್ನವೀರ ಇದ್ದ. ಅವಳು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು, “ಯವ್ವಾ, ಸುಡಾಕತ್ತೈತಿ! ಸುಡಾಕತ್ತೈತಿ!” ಎಂದು ಕೂಗಿದಾಗ ಬಸವಂತರಾಯನ ಕೈ ಸಾರಿನಲ್ಲಿತ್ತು. ಅವನು ಅಪ್ಪನ ಕಡೆ ನೋಡಿದ. ಅಪ್ಪ ಇನ್ನೊಂದು ಎಲೆಯ ತೊಟ್ಟು ಮುರಿಯುತ್ತಿದ್ದ. ಬಸವಂತರಾಯ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟ. ತಾಟು ತೊಳೆದ. ಕುಡಿದ. ಕುಳಿತ.

ಕಸ್ತೂರೆಮ್ಮ ಗೋಡೆ ತಡವುತ್ತ ಅಡಿಗೆಮನೆಯ ಬಾಗಿಲ ಬಳಿಯ ತಾಮ್ರದ ಹಂಡೆಗೆ ಬಂದು ಕೈ ಇಳಿಬಿಟ್ಟಳು.

“ಏ, ಅದರಾಗ ಕೈ ಅದ್ದಬ್ಯಾಡ!” ಅತ್ತೆ ಶಿವಬಸಮ್ಮ ಒಳಗಿನಿಂದ ಚೀರಿದಳು. “ಲಿಂಗಪೂಜಿಗೆ ತಂದಿಟ್ಟ ನೀರು ಅವು. ಹಿತ್ತಲಕ್ಕ ಹೋಗು, ಹಿತ್ತಲಕ್ಕ!”

ಹಿತ್ತಲಲ್ಲಿ ಇದ್ದದ್ದು ದನದ ಬಾನಿ. ಅದಕ್ಕೇ ಮುಖ ಅದ್ದಲು ಬಾಗಿದವಳನ್ನು, ಕೊಟ್ಟಿಗೆಯ ಸೆಗಣಿ ಬಾಚಿ ರೊಟ್ಟಿ ಬಿಚ್ಚಿ ಕುಳಿತಿದ್ದ ಯಮನೂರಮ್ಮ ಕೂಗಿ ತಡೆದಳು.

“ಬ್ಯಾಡ್ರೀ ಯವ್ವಾ, ಜೊಲ್ಲು ಬಿದ್ದ ನೀರು! ನನ್ನ ಗಡಿಗ್ಯಾಗ ಕುಡ್ಯಾ ನೀರು ಅದಾವ. ನಾ ಹಾಕಿದ್ರ ನಡೀತೈತೇನ್ರೀ?”

“ಹಾಕು ಯಮನೂರಮ್ಮ, ಹಾಕು!”

ಯಮನೂರಮ್ಮ ಗಡಿಗೆಯನ್ನು ಮೇಲೆತ್ತಿ, ಮೈ ತಾಗದ ಹಾಗೆ ದೂರ ನಿಂತು, ಒಂದು ಹನಿ ಉಳಿಸದೆ ಸುರಿದಳು. ಆ ದಿನ ಸಂಜೆಯ ತನಕ ಅವಳಿಗೆ ಕುಡಿಯಲು ನೀರಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಶಿವಬಸಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತು ನೋಡಿದ್ದು ಬೇರೆಯದನ್ನು.

“ಕೇರಿಯಾಕಿ ಗಡಿಗಿ ನೀರು ಮೈಮ್ಯಾಲೆ ಹುಯ್ಸಿಕೊಂಡಿ? ಕೊಳ್ಳಾಗ ಲಿಂಗ ಐತಿ ಅನ್ನೂದಾದ್ರೂ ನೆಪ್ಪಿಲ್ಲೇನ್ ಬೇ?”

“ಕಣ್ಣು ಸುಡಾಕತ್ತಿತ್ತು ಅತ್ತಿ.”

“ಕಣ್ಣು ಒಂದು ಹೋದ್ರ ಇನ್ನೊಂದೈತಿ. ಲಿಂಗ ಇರೂದು ಒಂದೇ.”

ಮನುಷ್ಯರೆಲ್ಲ ಒಂದೇ ಎಂದು ಶರಣರು ಹೇಳಿದ್ದನ್ನು ದಿನಾ ಮುಂಜಾನೆ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿಸುವ ಮನೆ ಅದು. ಮುದಗಲ್ಲಿನಿಂದ ಮನೆತನದ ಗುರು ಅಯ್ಯನವರು ಬಂದು ಪಾದೋದಕ ಕೊಟ್ಟು ಶುದ್ಧ ಮಾಡುವ ತನಕ ಸೊಸೆ ಒಳಗೆ ಬರುವಂತಿಲ್ಲ, ಊರು ಬಿಟ್ಟು ಹೋಗುವಂತೆಯೂ ಇಲ್ಲ ಎಂದಾಯಿತು. ಅವಳಿಗೆ ಕೊಟ್ಟಿಗೆಯ ಮಗ್ಗುಲಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಟ್ಟರು. ಕಣ್ಣಿಗೆ ಹರಳೆಣ್ಣೆ ಬಿಟ್ಟು ಬಟ್ಟೆ ಕಟ್ಟಿದರು. ಅಯ್ಯನವರು ಬಂದದ್ದು ಶುಕ್ರವಾರ. ಹೋಳಿಗೆ ಉಂಡು, ಅವಳ ಅಂಗೈಗೆ ನೀರು ಬಿಟ್ಟು, ಕಣ್ಣಿನ ಕಡೆ ನೋಡದೆ ಹೋದರು. ಯಮನೂರಮ್ಮನಿಗೆ ಇನ್ನು ಈ ಹಿತ್ತಲು ತುಳಿಯಬೇಡವೆಂದು ಹೇಳಿ ಕಳಿಸಿದರು. ಶನಿವಾರದಿಂದ ಸೆಗಣಿಯ ಬುಟ್ಟಿ ಕಸ್ತೂರೆಮ್ಮನ ತಲೆಗೆ ಬಂತು.

ಅದೇ ಶನಿವಾರ ಅರಿವೆಯ ಗಂಟು ತರಲು ಲಿಂಗಸೂಗೂರಿಗೆ ಬಸವಂತರಾಯನ ಬಂಡಿ ಹೊರಟಿತ್ತು. ಹೇಗೂ ಹೋಗುವ ಬಂಡಿ ಎಂದು ಅವಳನ್ನೂ ಹತ್ತಿಸಿದರು. ಅಲ್ಲಿಯ ಸರಕಾರಿ ದವಾಖಾನೆಯ ಡಾಕ್ಟರು ರೆಪ್ಪೆ ಮಗುಚಿ, ಹತ್ತಿ ಸುತ್ತಿದ ಕಡ್ಡಿಯಿಂದ ನುಚ್ಚಿನಷ್ಟು ದಪ್ಪದ ಸುಣ್ಣದ ಹರಳನ್ನು ತೆಗೆದು ಬಸವಂತರಾಯನ ಅಂಗೈ ಮೇಲಿಟ್ಟರು.

“ಐದು ದಿನ ಇದು ಕಣ್ಣಾಗ ಇತ್ತಾ? ಏನಾಗಿತ್ತು?”

“ಗ್ವಾಡಿಗೆ ಸುಣ್ಣ ಹಚ್ಚುವಾಗ ಸಿಡೀತ್ರೀ ಸಾಹೇಬರ.”

“ಶ್ರಾವಣದ ಮಳ್ಯಾಗ ಯಾವ ಹುಚ್ಚ ಗ್ವಾಡಿಗೆ ಸುಣ್ಣ ಹಚ್ತಾನಪಾ?”

ಬಸವಂತರಾಯ ಅಂಗೈಯ ಹರಳನ್ನೇ ನೋಡುತ್ತ ನಿಂತ. ಡಾಕ್ಟರು ಔಷಧ ಹಾಕಿದರು. ಕೈ ತೊಳೆಯುತ್ತ ಹೇಳಿದರು: “ಇಲ್ಲಿ ನನ್ನ ಕೈಲೆ ಆಗೂ ಕೆಲಸ ಅಲ್ಲ ಇದು. ಎಂಟು ದಿನದೊಳಗ ಕಣ್ಣಿನ ಡಾಕ್ಟರಿಗೆ ತೋರಸ್ರಿ. ಬಳ್ಳಾರ್ಯಾಗ ಅದಾರ, ಹೈದರಾಬಾದಿನಾಗ ಅದಾರ. ಯಾವುದು ಜಲ್ದಿ ಆಗ್ತೈತಿ ಅಲ್ಲಿಗಿ ಹೋಗ್ರಿ. ಯಾವ ಊರು ಅಂತ ವಿಚಾರ ಮಾಡಿಕೊಂತ ಮಾತ್ರ ಕುಂದರಬ್ಯಾಡ್ರಿ.”

ಬಂಡಿ ಊರ ಕಡೆ ತಿರುಗಿದಾಗ ಕಸ್ತೂರೆಮ್ಮ ಗಂಡನಿಗೆ ಹೇಳಿದಳು: “ನಾಳೆನ ಬಳ್ಳಾರಿಗೆ ಹೋಗೂಣು. ಮುಂಜಾನೆ ಸಿಂಧನೂರು ಮೋಟಾರು ಹತ್ತಿದ್ರ ಹೊತ್ತು ಮುಣುಗೂದ್ರಾಗ ಹೊಳಿ ದಾಟ್ತೀವಿ. ಸಿರುಗುಪ್ಪದಾಗ ನಮ್ಮಣ್ಣನ ಮನಿ ಐತಿ. ಮರುದಿನ ಬಳ್ಳಾರಿ.”

“ಅಪ್ಪಾರನ್ನ ಕೇಳಬೇಕು.”

“ಒಗದವರನ್ನ ಕೇಳಬೇಕೇನು?”

“ಬಾಯಿ ಸಣ್ಣದು ಮಾಡು. ಬಂಡಿ ಹೊಡ್ಯಾವ ಕೇಳ್ತಾನ.”

ರವಿವಾರದ ಊಟದ ಹೊತ್ತಿಗೆ ಮಾತು ಬಂತು. ಅಮರಗುಂಡಪ್ಪ ರೊಟ್ಟಿ ಮುರಿಯುತ್ತಲೇ ತೀರ್ಪು ಕೊಟ್ಟ.

“ಬಳ್ಳಾರಿ ಬ್ಯಾಡ.”

ಕಾರಣ ಎಲ್ಲರಿಗೂ ಗೊತ್ತಿತ್ತು. ಮಗಳು ಸೂಗಮ್ಮನನ್ನು ಬಳ್ಳಾರಿಯ ಅರಳೆ ವ್ಯಾಪಾರಿಗಳ ಮನೆಗೆ ಕೊಡುವುದೆಂದು ಮಾತಾಗಿತ್ತು. ಕಾರ್ತಿಕದಲ್ಲಿ ಮದುವೆ.

“ಕಣ್ಣಿನ ದವಾಖಾನಿ ಬೀಗರ ಮನಿ ಹಿಂದಿನ ಓಣ್ಯಾಗ ಐತಿ. ನಮ್ಮ ಮನಿ ಹಿರಿ ಸೊಸಿ ಕಣ್ಣಿಗೆ ಬಟ್ಟಿ ಕಟಗೊಂಡು ಅವರ ಬಾಗಲ ಮುಂದ ಹಾದು ಹೋದ್ರ, ಏನಾಗೈತಿ ಅಂತ ಕೇಳ್ತಾರೋ ಇಲ್ಲೋ? ಕೇಳಿದ್ರ ಏನು ಹೇಳ್ತೀರಿ?”

ಉತ್ತರ ಅವರೆಲ್ಲರ ಎದುರಿಗೆ ಮಜ್ಜಿಗೆಯ ಗಿಂಡಿ ಹಿಡಿದುಕೊಂಡು ನಿಂತಿತ್ತು.

“ಹೈದರಾಬಾದಿಗೆ ಹೋದ್ರಾತು. ಅಲ್ಲಿ ನಾವು ಯಾರು ಅಂತ ಯಾರಿಗೂ ಗೊತ್ತಿಲ್ಲ. ಹೆಂಗೂ ಮದಿವಿ ಅರಿವಿ ತರಬೇಕು. ಬಳ್ಳಾರಿ ಇಂಗ್ರೇಜರ ಸೀಮಿ. ಅಲ್ಲಿ ತೊಗೊಂಡ್ರ ಹೊಳಿ ದಂಡ್ಯಾಗ ನಮ್ಮ ಸರಕಾರದ ಕರೋಡಗಿರಿಯವರು ಗಂಟು ಬಿಚ್ಚಿಸಿ ಸುಂಕ ಕೀಳ್ತಾರ.”

ಚನ್ನವೀರನ ಮುಖ ಅರಳಿತು. ಲಿಂಗಸೂಗೂರಿನ ಉರ್ದು ಶಾಲೆಯಲ್ಲಿ ಓದಿ ಬಂದವನು. ಮೂರು ವರ್ಷದಿಂದ ಹೈದರಾಬಾದು ನೋಡಬೇಕೆಂದು ಕುಣಿಯುತ್ತಿದ್ದ.

“ಹಂಗಾದ್ರ ನಾ ಬೇಕು ಅಪ್ಪಾರ. ಅಲ್ಲಿ ಎಲ್ಲಾ ಉರ್ದು. ಅಣ್ಣ ಆದಾಬ್ ಅನ್ನೂದ್ರಾಗ ರೈಲು ರಾಯಚೂರಿಗೆ ವಾಪಸ್ ಬಂದಿರ್ತೈತಿ.”

“ನೀ ಹೋಗೂದು ಚಾರ್ಮಿನಾರ್ ನೋಡಾಕ,” ಎಂದ ಬಸವಂತರಾಯ.

“ಹಾದ್ಯಾಗ ಸಿಕ್ರ ಕಣ್ಣು ಮುಚಗೋಬೇಕೇನು?”

ಅಂದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಕಸ್ತೂರೆಮ್ಮ ಮಜ್ಜಿಗೆ ಬಗ್ಗಿಸಿದಳು. ಒಂದು ಕಣ್ಣಿಗೆ ಅಂತರ ತಿಳಿಯುತ್ತಿರಲಿಲ್ಲ. ಮಜ್ಜಿಗೆ ತಾಟಿನ ಆಚೆ ಬಿತ್ತು.

“ನೆಲಕ್ಕ ಉಣಸಾಕತ್ತಿ ಏನು?” ಎಂದ ಅಮರಗುಂಡಪ್ಪ.

ಸೋಮವಾರ ಶಿವಬಸಮ್ಮ ತಾನೂ ಬರುತ್ತೇನೆ ಎಂದಳು. ಹೈದರಾಬಾದಿನ ಮುತ್ತನ್ನು ಗಂಡಸರು ಆರಿಸಿದರೆ ಅದು ಮುತ್ತೋ ಜೋಳವೋ ಹೇಳುವವರು ಯಾರು? ಮಂಗಳವಾರ ಪ್ರಯಾಣ ಕೂಡದು. ಬುಧವಾರ ಅಂಗಡಿಗೆ ಕೋರ್ಟಿನ ಮುನಸಬು ಸಾಹೇಬರ ಮನೆಯವರು ಬರುವವರಿದ್ದರು. ಗುರುವಾರ ಚನ್ನವೀರನ ಶೇರವಾನಿ ದರ್ಜಿಯ ಕೈಯಲ್ಲಿತ್ತು. ಪ್ರತಿ ಊಟಕ್ಕೂ ಊರಿನ ಮಾತೇ. ಹೈದರಾಬಾದಿನಲ್ಲಿ ಎಲ್ಲಿ ಇಳಿಯುವುದು, ಎಷ್ಟು ರೊಟ್ಟಿ ಕಟ್ಟಿಕೊಳ್ಳುವುದು, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಸಾಕೋ ಉಪ್ಪಿನಕಾಯಿಯೂ ಬೇಕೋ. ಆ ರೊಟ್ಟಿಗಳನ್ನೆಲ್ಲ ಬಡಿಯುತ್ತಿದ್ದವಳು ಕಸ್ತೂರೆಮ್ಮ. ಹಂಚು ಎಷ್ಟು ದೂರವಿದೆ ಎಂಬುದು ತಿಳಿಯದೆ ಎರಡು ಸಲ ಬೆರಳು ಸುಟ್ಟುಕೊಂಡಳು.

“ಎಂಟರಾಗ ಐದು ದಿನ ಹೋದವು ಅತ್ತಿ,” ಅಂದಳು ಗುರುವಾರ.

“ನೀ ಎಣಿಸಿಕೊಂತ ಕುಂತ್ರ ರೊಟ್ಟಿ ಯಾರು ಬಡೀತಾರ?”

ಅವತ್ತೇ ಬಳೆಗಾರ್ತಿ ದಾವಲ್‌ಬೀ ಬಂದಳು. ಸೂಗಮ್ಮನ ಕೈ ಅಳತೆ ನೋಡಲು ಬಂದವಳು ಕಸ್ತೂರೆಮ್ಮನ ಬಟ್ಟೆ ಕಟ್ಟಿದ ಮುಖ ನೋಡಿ ಬುಟ್ಟಿ ಕೆಳಗಿಟ್ಟಳು.

“ಏನಾತು ಬೇಟಿ?”

“ಸುಣ್ಣ ಬಿತ್ತು,” ಎಂದು ಶಿವಬಸಮ್ಮನೇ ಹೇಳಿದಳು.

“ಹಾರಿ ಬಂದು ಬೀಳಾಕ ಅದಕ್ಕೇನು ರೆಕ್ಕಿ ಅದಾವೇನ್ ಅವ್ವಾರ?” ಎಂದು ದಾವಲ್‌ಬೀ ಬಳೆ ಎಣಿಸಿದಳು.

ಅತ್ತೆ ಒಳಗೆ ಹೋದಾಗ ಕಸ್ತೂರೆಮ್ಮ ಬಗ್ಗಿ ಪಿಸುಗುಟ್ಟಿದಳು. ದಾವಲ್‌ಬೀಯ ಮಗ ಹುಸೇನ್‌ಸಾಬ್ ಸಿಂಧನೂರಿನ ಮೋಟಾರು ನಡೆಸುತ್ತಿದ್ದ. ಹೊಳೆ ದಾಟುವವರ ಕೈಯಲ್ಲಿ ಸಿರುಗುಪ್ಪದ ಅಣ್ಣನಿಗೆ ಸುದ್ದಿ ಮುಟ್ಟಿಸಬೇಕು: ತಂಗಿಯ ಕಣ್ಣು ಹೋಗುತ್ತಿದೆ, ಬಂದು ಬಳ್ಳಾರಿಗೆ ಕರೆದುಕೊಂಡು ಹೋಗು.

ಶನಿವಾರ, ಎಂಟನೆಯ ದಿನ ಬಂತು, ಹೋಯಿತು. ಸಂಜೆ ಪ್ರಯಾಣದ ಮಾತು ಕೊನೆಗೂ ಗಟ್ಟಿಯಾಯಿತು. ರವಿವಾರ ಮುಂಜಾನೆ ಲಿಂಗಸೂಗೂರು ಮೋಟಾರು, ಅಲ್ಲಿಂದ ರಾಯಚೂರು, ಅಲ್ಲಿಂದ ರೈಲು. ಶಿವಬಸಮ್ಮ ಟ್ರಂಕಿಗೆ ಸೀರೆ ಮಡಚಿಡುತ್ತ ಬೆರಳು ಮಡಿಚಿದಳು: “ನಾವಿಬ್ರು, ಬಸವಂತ, ಚನ್ನವೀರ. ನಾಕು ಮಂದಿ. ಛತ್ರದವರು ಕೊಡೂದು ಒಂದ ಖೋಲಿ. ಕಸ್ತೂರಿನೂ ಬಂದ್ರ ಇಲ್ಲಿ ದನ ಯಾರು ನೋಡ್ತಾರ? ಯಮನೂರಿನೂ ಇಲ್ಲ. ಸೂಗಿ ಒಬ್ಬಾಕಿನ್ನ ಮನ್ಯಾಗ ಬಿಟ್ಟು ಹೋಗಾಕಾಗ್ತೈತೇನು?”

ಬಾಗಿಲಲ್ಲಿ ನಿಂತ ಕಸ್ತೂರೆಮ್ಮನಿಗೆ ತನ್ನ ಕಿವಿಗೆ ಬಿದ್ದದ್ದು ಸರಿಯೋ ತಪ್ಪೋ ಎನಿಸಿತು.

“ಔಷಧಿ ತಂದ್ರಾತಲ್ಲ?” ಎಂದ ಚನ್ನವೀರ. “ಡಾಕ್ಟರಿಗೆ ನಾ ಉರ್ದುವಿನಾಗ ಚೊಲೊ ಮಾಡಿ ತಿಳಿಸಿ ಹೇಳ್ತೀನಿ ಅತ್ತಿಗಿ. ಎಡಗಣ್ಣು, ಸುಣ್ಣ, ಎಲ್ಲಾ ಹೇಳ್ತೀನಿ.”

“ಕಣ್ಣು ನನ್ನ ಮುಖದಾಗ ಐತಿ,” ಎಂದಳು ಕಸ್ತೂರೆಮ್ಮ. “ನಾ ಇಲ್ಲಿದ್ರ ಡಾಕ್ಟರು ಅಲ್ಲಿ ಏನು ನೋಡ್ತಾರ? ನಿನ್ನ ಶೇರವಾನಿ ನೋಡ್ತಾರೇನು?”

“ಏ, ಬಾಯಿ!” ಎಂದ ಅಮರಗುಂಡಪ್ಪ.

ಅವಳು ಗಂಡನ ಕಡೆ ತಿರುಗಿದಳು. “ನೀವರ ಹೇಳ್ರಿ.”

ಬಸವಂತರಾಯ ಟ್ರಂಕಿನ ಕೀಲಿ ಹಾಕಿ ತೆಗೆದು ನೋಡುತ್ತಿದ್ದ. “ಈ ಸಲ ಕೇಳಿಕೊಂಡು ಬರ್ತೀವಿ. ಮುಂದಿನ ಸಲ ನಿನ್ನ ಕರಕೊಂಡು ಹೋಗ್ತೀನಿ.”

ಅವರು ಹೋದರು. ಕಣ್ಣನ್ನು ಮನೆಯಲ್ಲಿ ಬಿಟ್ಟು ಕಣ್ಣಿನ ಡಾಕ್ಟರನ್ನು ನೋಡಲು ಹೋದವರು ಆ ಸೀಮೆಯಲ್ಲಿ ಇವರೇ ಮೊದಲಿರಬೇಕು. ಟ್ರಂಕು ಹೊತ್ತ ಆಳು ಕೂಡ ಎರಡು ಸಲ ಹಿಂತಿರುಗಿ ಬಾಗಿಲಲ್ಲಿ ನಿಂತವಳನ್ನು ನೋಡಿದ.

ಮರುದಿನ ದಾವಲ್‌ಬೀ ಅಣ್ಣನ ಉತ್ತರ ತಂದಳು. ಹೇಳಲು ಮನಸ್ಸಿಲ್ಲದೆ ಎಲೆ ಅಡಿಕೆ ಕೇಳಿದಳು, ನೀರು ಕೇಳಿದಳು, ಕೊನೆಗೆ ಹೇಳಿದಳು.

“ನಿನ್ನ ಅತ್ತಿಮನಿ ಮಾತಿನಾಗ ನಾ ಹೆಂಗ ಕೈ ಹಾಕ್ಲಿ, ಹಿರೇರು ಹೇಳಿದಂಗ ಕೇಳಿಕೊಂಡಿರು ಅಂದಾನಂತ.”

ಕಸ್ತೂರೆಮ್ಮ ಸೆಗಣಿಯ ಕೈಯನ್ನು ಗೋಡೆಗೆ ಒರೆಸಿದಳು. “ಹುಸೇನಗ ಹೇಳವ್ವ. ನಾಳೆ ನಾ ಒಬ್ಬಾಕಿನ ಬರ್ತೀನಿ. ಹೊಳಿ ತನಕ ಬಿಡಲಿ.”

“ಹೊಳಿ ಬಂದೈತಿ ಬೇಟಿ. ಮೊನ್ನಿಯಿಂದ ದಂಡಿ ಮೀರಿ ಹರ್ಯಾಕತ್ತೈತಿ. ಹರಗೋಲೆಲ್ಲ ಮ್ಯಾಲೆ ಎಳದು ಡಬ್ಬ ಹಾಕ್ಯಾರ. ಹ್ವಾದ ವಾರಾದ್ರ ದಾಟತಿದ್ದಿ.” ದಾವಲ್‌ಬೀ ಖಾಲಿ ಪಡಸಾಲೆಯ ಕಡೆ ನೋಡಿ ಉಗಿದಳು. “ಹ್ವಾದ ವಾರ ಇವರು ಹಿಂಡಿ ಕುಟ್ಟಾಕತ್ತಿದ್ರು.”

ಆರನೆಯ ದಿನ ಯಾತ್ರಿಕರು ಬಂದರು. ರೇಷ್ಮೆ ಸೀರೆಗಳು ಬಂದವು, ಎರಡೆಳೆ ಮುತ್ತಿನ ಸರ ಬಂತು, ಚನ್ನವೀರನ ತಲೆಯ ಮೇಲೆ ಗೊಂಡೆಯ ಕೆಂಪು ಟೋಪಿ ಬಂತು. ಊಟದ ಸಾಲಿನಲ್ಲಿ ಅಗಲ ರಸ್ತೆಗಳ, ದೀಪದ ಕಂಬಗಳ, ನಳ ತಿರುವಿದರೆ ಬರುವ ನೀರಿನ ವರ್ಣನೆ. ಕಸ್ತೂರೆಮ್ಮ ಬಡಿಸುತ್ತ ಹೋದಳು, ಕೇಳುತ್ತ ಹೋದಳು. ಮಾತು ದವಾಖಾನೆಗೆ ಬರಲೇ ಇಲ್ಲ. ಊಟ ಮುಗಿದು ಅಮರಗುಂಡಪ್ಪ ಅಂಗಡಿಗೆ ಹೋದ ಮೇಲೆ ಅವಳೇ ಕೇಳಿದಳು.

“ಡಾಕ್ಟರು ಏನಂದ್ರು?”

ಬಸವಂತರಾಯ ಒಂದು ಸಣ್ಣ ಶೀಶೆ ತೆಗೆದುಕೊಟ್ಟ. ಮುಚ್ಚಳ ಬಿಚ್ಚಿದರೆ ಗುಲಾಬಿಯ ವಾಸನೆ.

“ಇದು ಔಷಧೇನು?”

“ಪನ್ನೀರು. ಕಣ್ಣಿಗೆ ತಂಪಂತ. ಚಾರ್ಮಿನಾರ್ ಕಡಿ ಅತ್ತರು ಮಾರಾವ ಹೇಳಿದ.”

“ಡಾಕ್ಟರು?”

“ಹೋಗಿದ್ವಿ. ಪಾಳಿ ಬಾಳ ಇತ್ತು. ಒಳಗ ಹೋದ್ರ, ಬಿಮಾರಿ ಮನಿಷಾ ಎಲ್ಲಿ ಅಂದ್ರು.” ಅವನು ದನಿ ತಗ್ಗಿಸಿದ. “ಊರಾಗ ಬಿಟ್ಟು ಬಂದೀವಿ ಅಂದ್ರ ಎಲ್ಲಾರೂ ನಕ್ರು. ಚನ್ನವೀರಗ ನಾಚಿಕಿ ಆತು. ಎದ್ದು ಬಂದ್ವಿ.”

ಕಸ್ತೂರೆಮ್ಮ ಶೀಶೆಯನ್ನು ಹಿತ್ತಲಿಗೆ ಒಯ್ದು ಸೆಗಣಿಯ ತಿಪ್ಪೆಗೆ ಸುರಿದಳು.

ಅವತ್ತು ಸೂಗಮ್ಮ ಮುತ್ತಿನ ಸರ ಹಾಕಿಕೊಂಡು ಕನ್ನಡಿ ಹಿಡಿದು ಅತ್ತಿಗೆಯ ಬಳಿ ಬಂದಳು. ಹದಿನಾರು ವರ್ಷದ ಹುಡುಗಿ. “ಕೊಕ್ಕಿ ಹಾಕು ಅತ್ತಿಗಿ, ನನ್ನ ಕೈಗೆ ನಿಲುಕವಲ್ದು.” ಕಸ್ತೂರೆಮ್ಮ ಕೊಕ್ಕೆ ಹುಡುಕಿ ಹುಡುಕಿ ತಪ್ಪುತ್ತಿದ್ದಳು. ಆ ಬೆರಳುಗಳು ಕತ್ತಿನ ಹಿಂದೆ ತಡಕಾಡುವುದು ತಿಳಿಯುತ್ತಿದ್ದಂತೆ ಸೂಗಮ್ಮ ಕನ್ನಡಿ ಇಳಿಸಿದಳು.

“ಅತ್ತಿಗಿ, ಬಳ್ಳಾರ್ಯಾಗ ನಮ್ಮತ್ತಿ ಮಾವನೂ ಒಗೀತಾರೇನು?”

“ಎಲಿ ಹಾಕ್ಕೋತಾರೇನು ಅವರು?”

“ಗೊತ್ತಿಲ್ಲ.”

“ಕೇಳಿ ನೋಡು,” ಎಂದಳು ಕಸ್ತೂರೆಮ್ಮ. ಇಬ್ಬರಿಗೂ ನಗು ಬಂತು. ಸೂಗಮ್ಮ ನಗುತ್ತಿದ್ದವಳು ಹಾಗೇ ಅಳತೊಡಗಿದಳು.

ಭಾದ್ರಪದ ಕಳೆಯುವ ಹೊತ್ತಿಗೆ ಎಡಗಣ್ಣಿನ ಕಪ್ಪು ಪೂರ್ತಿ ಬೆಳ್ಳಗಾಯಿತು. ಬಲಗಣ್ಣು ಮುಚ್ಚಿ, ಬಿಸಿಲಿಗೆ ಮುಖ ಕೊಟ್ಟು ನಿಂತರೂ ಬಿಸಿಲು ಒಳಗೆ ಬರುತ್ತಿರಲಿಲ್ಲ. ಬಟ್ಟೆ ಕಟ್ಟುವುದನ್ನು ಅವಳು ಬಿಟ್ಟಳು. ಅಡಿಗೆ ಮಾಡಿದಳು, ನೀರು ಹೊತ್ತಳು, ಸೆಗಣಿ ಬಾಚಿದಳು. ಕಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ. ಆ ಮನೆಯ ಮಟ್ಟಿಗೆ ಅದು ಮುಗಿದ ಮಾತು.

ದಸರಾ ಮುಗಿದ ವಾರ ಬಳ್ಳಾರಿಯಿಂದ ಬೀಗರ ಕಾಗದ ಬರುವ ತನಕ.

ಮುಂದಿನ ತಿಂಗಳು ಮದುವೆಗೆ ಮೊದಲು ಮುತ್ತೈದೆಯರ ಸಮೇತ ಬಂದು ಹುಡುಗಿಗೆ ಉಡಿ ತುಂಬಿ ಹೋಗುತ್ತೇವೆ ಎಂದು ಬರೆದಿದ್ದರು. ಬಂದವರಿಗೆ ಹೊಸ್ತಿಲಲ್ಲಿ ಆರತಿ ಹಿಡಿಯಬೇಕಾದವಳು ಮನೆಯ ಹಿರಿಯ ಸೊಸೆ. ಬೇರೆಯವರು ಹಿಡಿದರೆ ಹಿರಿಯ ಸೊಸೆಗೆ ಏನಾಗಿದೆ ಎಂಬ ಪ್ರಶ್ನೆ. ಅವಳೇ ಹಿಡಿದರೆ ಆರತಿಯ ಬೆಳಕು ನೇರವಾಗಿ ಆ ಕಣ್ಣಿಗೇ.

ಅವತ್ತು ಶಿವಬಸಮ್ಮ ತಾನೇ ಸೊಸೆಗೆ ಲೋಟ ತುಂಬ ಹಾಲು ಕಾಯಿಸಿ ಕೊಟ್ಟಳು. “ಕುಡಿಯವ್ವ. ಬಾಳ ಸೊರಗಿದಿ.” ಹನ್ನೊಂದು ವರ್ಷದ ಸಂಸಾರದಲ್ಲಿ ಅವ್ವ ಎಂದು ಕರೆದದ್ದು ಅದೇ ಮೊದಲು. ಕಸ್ತೂರೆಮ್ಮ ಹಾಲಿನ ಕಡೆ ನೋಡಿ, “ಏನು ಬೇಕಾಗೈತಿ ಅತ್ತಿ?” ಎಂದಳು.

ಬೇಕಾದದ್ದು ರಾತ್ರಿಯ ಊಟಕ್ಕೆ ಹೊರಬಂತು. ಗಾಜಿನ ಕಣ್ಣು. ಹೈದರಾಬಾದಿನಲ್ಲಿ ಚನ್ನವೀರ ಕಂಡು ಬಂದಿದ್ದ. ದವಾಖಾನೆಯ ಎದುರಿನ ಅಂಗಡಿಯಲ್ಲಿ ಹತ್ತಿಯ ಮೇಲೆ ಸಾಲಾಗಿ ಇಟ್ಟಿದ್ದರಂತೆ, ಕಪ್ಪು, ಕಂದು, ಬೆಕ್ಕಿನ ಕಣ್ಣು ಕೂಡ.

“ಬಣ್ಣ ಕೂಡಿಸಿ ಕೊಡ್ತಾರ. ಯಾವುದು ಖರೇ, ಯಾವುದು ಗಾಜು, ಗೊತ್ತ ಆಗಂಗಿಲ್ಲ,” ಎಂದ ಚನ್ನವೀರ.

“ಬಳ್ಳಾರ್ಯಾಗೂ ಸಿಗ್ತಾವಂತ,” ಎಂದ ಬಸವಂತರಾಯ. “ಹೊಳಿ ಇಳದೈತಿ. ಮೂರು ದಿನದ ಕೆಲಸ.”

“ಬೀಗರು?” ಎಂದಳು ಶಿವಬಸಮ್ಮ.

“ಅವರು ಈ ವಾರ ಜವಳಿಗೆ ಗದಗಿಗೆ ಹೋಗ್ಯಾರ,” ಎಂದ ಅಮರಗುಂಡಪ್ಪ. “ಬಳ್ಳಾರಿ ಖಾಲಿ ಐತಿ.” ಅವನು ಮೊದಲ ಬಾರಿಗೆ ಸೊಸೆಯ ಕಡೆ ತಲೆಯೆತ್ತಿ ಮಾತಾಡಿದ. “ಕಸ್ತೂರೆವ್ವ, ನಿನ್ನ ಮನಸಿಗೆ ಬಂದ ಊರು ಹೇಳು. ಹೈದರಾಬಾದಂದ್ರ ಹೈದರಾಬಾದು, ಬಳ್ಳಾರಿ ಅಂದ್ರ ಬಳ್ಳಾರಿ. ನಾ ಅಡ್ಡ ಬರಂಗಿಲ್ಲ.”

ಕಸ್ತೂರೆಮ್ಮ ಅನ್ನದ ಚಟಿಗೆ ಕೆಳಗಿಟ್ಟಳು. ಒಳಗೆ ಹೋದಳು. ಒಪ್ಪಿದಳು ಎಂದು ಎಲ್ಲರೂ ತಿಳಿದುಕೊಂಡರು. ಆ ಮನೆಯಲ್ಲಿ ಹೆಂಗಸು ಸುಮ್ಮನಿದ್ದರೆ ಒಪ್ಪಿದಂತೆ.

ಎರಡು ದಿನ ಕಳೆದು ಮುಂಜಾನೆ ಅವಳ ಟ್ರಂಕು ಪೇಟೆಯ ಮೋಟಾರು ಕಟ್ಟೆಗೆ ಬಂತು. ಮಸ್ಕಿಯಲ್ಲಿ ಎರಡೂ ಮೋಟಾರು ಒಂದೇ ಹೊತ್ತಿಗೆ ಬಂದು ನಿಲ್ಲುತ್ತಿದ್ದವು, ಒಂದಕ್ಕೊಂದು ಬೆನ್ನು ಮಾಡಿ. ಲಿಂಗಸೂಗೂರಿನ ಕಡೆ ಮುಖ ಮಾಡಿದ್ದು ಹತ್ತಿದರೆ ರಾಯಚೂರು, ಹೈದರಾಬಾದು. ಸಿಂಧನೂರಿನ ಕಡೆ ಮುಖ ಮಾಡಿದ್ದರಲ್ಲಿ ಹುಸೇನ್‌ಸಾಬ್ ಕುಳಿತಿದ್ದ. ಅದು ಹೊಳೆಗೆ, ಬಳ್ಳಾರಿಗೆ. ಚಹದ ಅಂಗಡಿಯ ಮುಂದೆ ಹತ್ತಿಪ್ಪತ್ತು ಜನ. ದಾವಲ್‌ಬೀ ಬಳೆಯ ಬುಟ್ಟಿ ಇಟ್ಟುಕೊಂಡು ಕಟ್ಟೆಯ ತುದಿಯಲ್ಲಿ ಕುಳಿತಿದ್ದಳು.

“ಯಾವ ಮೋಟಾರು ಹೇಳು. ಟ್ರಂಕು ಏರಸ್ತೀನಿ,” ಎಂದ ಬಸವಂತರಾಯ. “ಡಾಕ್ಟರು ಕೇಳಿದ್ರ ಗ್ವಾಡಿ ಸುಣ್ಣ ಅನ್ನು. ಹಿಂದ ಹಂಗ ಹೇಳೀವಿ.”

“ಹಿಂದ ನಾ ಹೇಳಿಲ್ಲ. ನೀವು ಹೇಳೀರಿ.”

“ಈಗ ಅದೆಲ್ಲ ಯಾಕ? ಊರು ಹೇಳು. ಆರಿಸ್ಕೋ ಅಂದಾರಲ್ಲ ಅಪ್ಪಾರು.”

“ಶ್ರಾವಣದಾಗ ನಾ ಆರಿಸಿದ್ದೆ. ಬಳ್ಳಾರಿ ಅಂದಿದ್ದೆ. ಬಂಡ್ಯಾಗ ಕುಂತು ಅಂದಿದ್ದೆ. ನೀವು ಬಾಯಿ ಸಣ್ಣದು ಮಾಡು ಅಂದ್ರಿ.”

ಚಹ ಕುಡಿಯುತ್ತಿದ್ದವರ ಬಸಿಗಳು ತುಟಿಯ ಬಳಿ ನಿಂತವು. ಎದುರಿನ ಅಂಗಡಿಯ ಗಾದಿಯಿಂದ ಅಮರಗುಂಡಪ್ಪ ಇದನ್ನೆಲ್ಲ ನೋಡಿದವನು ಪಂಚೆ ಸರಿಮಾಡಿಕೊಳ್ಳುತ್ತ ಇಳಿದು ಬಂದ.

“ಏನು ತಡ? ಮೋಟಾರು ನಮ್ಮಪ್ಪಂದಲ್ಲ.”

“ಊರು ಹೇಳವಲ್ಲಳು ಅಪ್ಪಾರ.”

ಅಮರಗುಂಡಪ್ಪ ಜನರ ಕಡೆ ನೋಡಿ ನಗು ತಂದುಕೊಂಡ. “ಹೆಂಗಸ್ರಿಗೆ ಎರಡು ಸೀರಿ ಮುಂದಿಟ್ರೂ ಹಿಂಗ. ಹೇಳವ್ವ, ಹೈದರಾಬಾದೋ ಬಳ್ಳಾರಿಯೋ?”

“ಮಾವಾರ, ಗಾಜಿನ ಕಣ್ಣು ಹಾಕ್ಕೊಂಡ್ರ ನನಗ ಕಾಣ್ತೈತೇನ್ರಿ?”

“ನಿನಗ ಹೆಂಗ ಕಾಣ್ತೈತಿ? ನೋಡೋರಿಗೆ ಚೊಲೊ ಕಾಣ್ತೈತಿ.”

“ನೋಡೋರು ಇದನ್ನ ನೋಡಲಿ.”

“ಬೀಗರು ಕೇಳ್ತಾರ.”

“ಕೇಳಲಿ. ಮಾವ ಸುಣ್ಣದ ಡಬ್ಬಿ ಒಗದ್ರು ಅಂತೀನಿ. ಗಂಡ ತಾಟು ತೊಳದು ಕುಡದ ಅಂತೀನಿ. ಯಮನೂರಮ್ಮ ನೀರು ಹಾಕಿದ್ದಕ್ಕ ಆಕಿ ರೊಟ್ಟಿ ಕಸಗೊಂಡ್ರು ಅಂತೀನಿ.”

ಎಂಜಿನು ಹಚ್ಚಲು ಕೈಹಿಡಿ ತಿರುವುತ್ತಿದ್ದ ಹುಡುಗನನ್ನು ಹುಸೇನ್‌ಸಾಬ್ ಕೈ ಮಾಡಿ ನಿಲ್ಲಿಸಿದ.

“ಸೂಗಿ ಮದಿವಿ ಮುರೀಬೇಕಂತ ಮಾಡಿ ಏನು?” ಅಮರಗುಂಡಪ್ಪನ ದನಿ ಹಲ್ಲಿನ ನಡುವಿನಿಂದ ಬಂತು. “ನಿನ್ನ ಹೊಟ್ಟಿಕಿಚ್ಚಿಗೆ ಆ ಹುಡುಗಿ ಬಲಿ ಆಗಬೇಕೇನು?”

“ಸೂಗಿ ಎರಡೂ ಕಣ್ಣು ಇರಲಿ ಅಂತನ ಹೇಳ್ತೀನಿ. ಕೇಳಿದ ಮ್ಯಾಲೆ ಅವರೇನಂತಾರ ನೋಡೂಣು. ಸುಣ್ಣದ ಮಾತಿಗೆ ನಗೋ ಮನಿ ಆದ್ರ, ಆಕಿ ಅಲ್ಲಿ ಹೋಗೂದ ಬ್ಯಾಡ.”

“ಸೆರಗರ ಎಳಕೋ ಬೇ, ಮಂದಿ ನೋಡಾಕತ್ತಾರ,” ಎಂದು ಬಸವಂತರಾಯ ಗೋಗರೆದ.

ಅವಳು ಸೆರಗನ್ನು ಹಿಂದಕ್ಕೆ ಸರಿಸಿ ಸೊಂಟಕ್ಕೆ ಸಿಕ್ಕಿಸಿದಳು.

“ಟ್ರಂಕು ಏರಸೋ ಬಸವಂತ!” ಅಮರಗುಂಡಪ್ಪ ಗುಡುಗಿದ. “ಲಿಂಗಸೂಗೂರು ಮೋಟಾರಿಗೆ ಏರಸು. ಕೇಳೂದೇನೈತಿ ಈಕಿನ್ನ! ಹತ್ತು. ಹತ್ತಬೇ ಮ್ಯಾಲೆ!”

ಬಸವಂತರಾಯ ಟ್ರಂಕಿನ ಒಂದು ಕಡೆಯ ಹಿಡಿಗೆ ಕೈ ಹಾಕಿದ. ಕಸ್ತೂರೆಮ್ಮ ಹೋಗಿ ಅದರ ಮೇಲೆ ಕುಳಿತಳು.

“ಹತ್ತಂಗಿಲ್ಲ.”